ನೀಲತ್ತಿಯ ನೋವಿಗೆ ಇಪ್ಪತ್ತೆಂಟು ಪಾಲು

ಹಿರಿಯರು ಬಾಯಿಬಿಟ್ಟು ನೋವು ಹೇಳುವುದಿಲ್ಲ ಎಂಬುದೇ ಆ ಯಂತ್ರದ ಹುಟ್ಟಿಗೆ ಕಾರಣವಾಗಿತ್ತು. ಮಂಡಿ ಬಾತು ಕುಂಬಳಕಾಯಿಯಂತಾಗಿದ್ದರೂ "ಆರಾಮೇನ್ರಿ?" ಎಂದವರಿಗೆ "ಆರಾಮ" ಎನ್ನುವ ಜನ. ಹಾಸಿಗೆಯ ಪಕ್ಕ ಕರೆಗಂಟೆ ಕಟ್ಟಿಕೊಟ್ಟರೆ, ಮನೆಯವರಿಗೆ ಯಾಕೆ ತ್ರಾಸು ಎಂದು ಅದರ ಮೇಲೆ ಟವೆಲ್ಲು ಒಣಹಾಕುವ ಜನ. ಹಾಗಾದರೆ ಹೇಳುವ ಕೆಲಸವನ್ನೇ ಅವರಿಂದ ಕಿತ್ತುಕೊಂಡರೆ? ನೋವು ತಾನಾಗಿಯೇ ಹೋಗಿ ಮನೆಯವರ ಮೈಯಲ್ಲಿ ಎದ್ದರೆ? ಹೀಗೆಂದು ಡಾಕ್ಟರ್ ವಾದಿರಾಜರು ಯೋಚಿಸಿದರು, ಯೋಚಿಸಿದ್ದನ್ನು ಮಾಡಿಯೂ ತೋರಿಸಿದರು, ಅದಕ್ಕೆ 'ಓಗೊಡು' ಎಂದು ಹೆಸರಿಟ್ಟು ಹುಬ್ಬಳ್ಳಿಯಲ್ಲಿ ನಾಲ್ಕು ಅಂತಸ್ತಿನ ಕಟ್ಟಡ ಎಬ್ಬಿಸಿದರು.

ಯಂತ್ರ ನೋಡಲು ದೊಡ್ಡದೇನಲ್ಲ. ಹಿರಿಯರ ಕುತ್ತಿಗೆಯ ಹಿಂದೆ ಅಂಗಿಯ ಗುಂಡಿಯಷ್ಟು ಒಂದು ಬಿಲ್ಲೆ, ಮಣಿಕಟ್ಟಿಗೆ ಒಂದು ಪಟ್ಟಿ. ಬೆನ್ನುಹುರಿಯಲ್ಲಿ ಮೇಲಕ್ಕೆ ಹೋಗುವ ನೋವಿನ ಸಂಕೇತವನ್ನು ಬಿಲ್ಲೆ ಓದುತ್ತದೆ, ಪಟ್ಟಿ ಅದನ್ನು ಕಳಿಸುತ್ತದೆ. ಓಗೊಡುವವರಿಗೂ ಅಂಥದೇ ಬಿಲ್ಲೆ, ಅಂಥದೇ ಪಟ್ಟಿ: ಪಟ್ಟಿ ಹಿಡಿಯುತ್ತದೆ, ಬಿಲ್ಲೆ ಮೈಗೆ ಮುಟ್ಟಿಸುತ್ತದೆ. ಅಲ್ಲಿ ಮಂಡಿ ಹಿಡಿದರೆ ಇಲ್ಲಿ ಮಂಡಿ ಹಿಡಿಯುತ್ತದೆ. ಎದ್ದು ಹೋಗಿ ನೋಡದೆ ಗತಿಯಿಲ್ಲ. ಹಿರಿಯರ ನೋವು ಇದರಿಂದ ಕಡಿಮೆಯಾಗುವುದಿಲ್ಲ, ಅದರ ನಕಲು ಮಾತ್ರ ಹೊರಡುತ್ತದೆ. ಸರಕಾರ ಒಂದೇ ಷರತ್ತು ಹಾಕಿತ್ತು: ಒಂದು ನೋವಿಗೆ ಒಂದೇ ನಕಲು. ಎಷ್ಟು ಹುಟ್ಟಿತೋ ಅಷ್ಟೇ ಹಂಚಿಕೆಯಾಗಬೇಕು, ಅದಕ್ಕಿಂತ ಹೆಚ್ಚು ಲೋಕದಲ್ಲಿ ಹರಡಬಾರದು.

ಮೊದಲ ವರ್ಷ ಯಂತ್ರ ನೆಟ್ಟಗೆ ಕೆಲಸ ಮಾಡಿತು. ಅದೇ ಅದರ ದೋಷವಾಯಿತು. ಮಕ್ಕಳು, ಸೊಸೆಯಂದಿರು, ಅಳಿಯಂದಿರು ಸಾಲುಗಟ್ಟಿ ದೂರು ಕೊಟ್ಟರು. ಕಚೇರಿಯಲ್ಲಿ ಕೂರಲಾಗುವುದಿಲ್ಲ, ಸಿನಿಮಾ ನೋಡಲಾಗುವುದಿಲ್ಲ, ಅಪ್ಪನಿಗೆ ಇಷ್ಟೊಂದು ನೋಯುತ್ತದೆಂದು ನಮಗೆ ಯಾರೂ ಹೇಳಿರಲಿಲ್ಲ. ವಾದಿರಾಜರು ಹಿಂದೆಮುಂದೆ ನೋಡದೆ 'ಪಾಲು' ಎಂಬ ಅನುಕೂಲ ಮಾಡಿಕೊಟ್ಟರು. ನೋವನ್ನು ಇಬ್ಬರು ಹಂಚಿಕೊಳ್ಳಬಹುದು, ನಾಲ್ವರು ಹಂಚಿಕೊಳ್ಳಬಹುದು, ಎಷ್ಟು ಜನರಾದರೂ ಹಂಚಿಕೊಳ್ಳಬಹುದು. ದೂರುಗಳು ನಿಂತವು. ಯಂತ್ರವನ್ನು ಹೊಗಳಿ ಪತ್ರಗಳು ಬರತೊಡಗಿದವು.

ಆ ಕಟ್ಟಡದ ಮೂರನೆಯ ಅಂತಸ್ತಿನಲ್ಲಿ, ಕರೆಗಳ ಮೇಲೆ ಕಣ್ಣಿಡುವ ಕೋಣೆಯಲ್ಲಿ, ಕುಮುದಿನಿ ಕೆಲಸ ಮಾಡುತ್ತಿದ್ದಳು. ಭೌತಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದವಳು. ಮನೆ ಬಿಟ್ಟ ಮೇಲೆ ಬೀಗ ಹಾಕಿದೆನೋ ಇಲ್ಲವೋ ಎಂದು ಬೀದಿಯ ತುದಿಯಿಂದ ಹಿಂದಿರುಗಿ ನೋಡುವ ಸ್ವಭಾವ. ಗೋಡೆಯಷ್ಟು ಅಗಲದ ಫಲಕದಲ್ಲಿ ಪ್ರತಿ ಮನೆಗೂ ಒಂದು ಸಾಲು, ಸಾಲಿನಲ್ಲಿ ಓಗೊಡುವ ಒಬ್ಬೊಬ್ಬರಿಗೂ ಒಂದೊಂದು ಚುಕ್ಕಿ. ನೋವು ಅವರ ಬಿಲ್ಲೆಗೆ ಮುಟ್ಟಿದರೆ ಚುಕ್ಕಿ ಹಸಿರು. ಮುಟ್ಟಿದ ಮೇಲೆ ಅವರು ಎದ್ದರೋ, ಮಗ್ಗುಲು ಬದಲಿಸಿದರೋ, ಫಲಕಕ್ಕೆ ಸಂಬಂಧವಿಲ್ಲ. ಒಬ್ಬರ ಪಾಲಿಗೆ ಬಂದ ನೋವು ನೂರರಲ್ಲಿ ಐವತ್ತು ದಾಟಿದರೆ ಮಾತ್ರ ಅದು ಆಂಬ್ಯುಲೆನ್ಸ್ ಕಳಿಸುತ್ತಿತ್ತು. ಪಾಲಿನ ಅನುಕೂಲ ಬಂದ ಮೇಲೆ ಆಂಬ್ಯುಲೆನ್ಸ್ ಹೊರಟದ್ದನ್ನು ಅವಳು ನೋಡಿಯೇ ಇರಲಿಲ್ಲ.

"ಸರ್, ನೂರರೊಳಗ ಐದಕ್ಕಿಂತ ಕಮ್ಮಿ ಪಾಲು ಬಂದ್ರ ಮೈಗೆ ಗೊತ್ತಾಗೂದಿಲ್ಲ. ಇರುವಿ ಹರದಂಗ ಆಗತೈತಿ, ಅಷ್ಟ," ಎಂದು ಅವಳು ಒಮ್ಮೆ ವಾದಿರಾಜರ ಕೋಣೆಗೆ ಹೋಗಿ ಹೇಳಿದ್ದಳು. "ಪಾಲಿಗೆ ಒಂದು ಮಿತಿ ಹಾಕಬೇಕು."

ವಾದಿರಾಜರು ಬಾದಾಮಿ ತಿನ್ನುತ್ತಿದ್ದರು. ಒಂದನ್ನು ಅವಳಿಗೂ ಕೊಟ್ಟರು. "ಕುಮುದಿನಿಯವರೇ, ಕರೆ ತಲುಪಿತೋ ಇಲ್ಲವೋ?"

"ತಲುಪೂದು ತಲುಪತೈತಿ, ಸರ್."

"ಮತ್ತೆ? ನಾವು ಕರೆ ಮುಟ್ಟಿಸುವವರು. ಮನುಷ್ಯರಿಗೆ ಅಂತಃಕರಣ ಮುಟ್ಟಿಸುತ್ತೇವೆ ಎಂದು ಎಲ್ಲಾದರೂ ಬರೆದಿದ್ದೇವೆಯೇ?"

ಹಾಗೆಂದು ಎಲ್ಲಿಯೂ ಬರೆದಿರಲಿಲ್ಲ. ಅವರ ಮಟ್ಟಿಗೆ ಅದು ದೊಡ್ಡ ಪ್ರಾಮಾಣಿಕತೆ ಎಂದುಕೊಂಡು ಕುಮುದಿನಿ ಬಾದಾಮಿಯನ್ನು ಸೀರೆಯ ಸೆರಗಿನಲ್ಲಿ ಕಟ್ಟಿಕೊಂಡು ಹೊರಗೆ ಬಂದಳು, ಕಸದ ಬುಟ್ಟಿಗೆ ಹಾಕಿದಳು.

ಕುಮುದಿನಿಗೆ ಆತಂಕಪಡಲು ಬೇರೆಯವರ ಮನೆಯ ಹಿರಿಯರು ಸಾಕಾಗದೆ ತನ್ನ ಮನೆಯಲ್ಲಿಯೂ ಒಬ್ಬರಿದ್ದರು. ತಂದೆಯ ತಂಗಿ ನೀಲಾಂಬಿಕೆ, ಎಲ್ಲರ ಬಾಯಲ್ಲಿ ನೀಲತ್ತಿ. ಮದುವೆಯಾಗದೆ, ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಕಲಿಸಿ, ನಿವೃತ್ತಳಾಗಿ, ದೇಶಪಾಂಡೆ ನಗರದಲ್ಲಿ ಮಹಡಿಯ ಮೇಲಿನ ಒಂದು ಮನೆಯನ್ನು ಬಾಡಿಗೆಗೆ ಹಿಡಿದು ಇದ್ದವಳು. ಎಂಬತ್ತು ದಾಟಿದ್ದರೂ ನಾಲಿಗೆ ಮಾತ್ರ ಹೊಸ ಬ್ಲೇಡು. ಕುಮುದಿನಿಯ ಮನೆ ಅಲ್ಲಿಂದ ಎರಡು ಓಣಿ ಆಚೆ. ನೀಲತ್ತಿಗೆ ಯಂತ್ರ ಹಾಕಿಸಬೇಕೆಂದೂ, ಪೂರ್ತಿ ನೂರು ಪಾಲನ್ನು ತನಗೇ ಬರೆಸಬೇಕೆಂದೂ ಕುಮುದಿನಿ ಯೋಚಿಸಿದ್ದಳು. ಆದರೆ ಬಾಯಿತಪ್ಪಿ ಅದನ್ನು ಮಹಾಂತೇಶಣ್ಣನ ಎದುರು ಆಡಿಬಿಟ್ಟಳು.

ಮಹಾಂತೇಶ ಅವಳ ದೊಡ್ಡಪ್ಪನ ಮಗ, ಬಳಗದ ಯಜಮಾನ. ಯಾರ ಮನೆಯ ಲಗ್ನವಾದರೂ ಲಗ್ನಪತ್ರಿಕೆಯಲ್ಲಿ ಯಾರ ಹೆಸರು ಎಲ್ಲಿ ಬರಬೇಕೆಂಬುದು ಅವನ ಶಾಸ್ತ್ರ. ಹಿಂದೆ ಒಂದು ಪತ್ರಿಕೆಯಲ್ಲಿ ಗದಗಿನ ಕಾಕಾನ ಹೆಸರು ಬಿಟ್ಟುಹೋಗಿ, ಆ ಮನೆಯವರು ಒಂಬತ್ತು ವರ್ಷ ಈ ಮನೆಗಳ ಸಾವಿಗೂ ಬಂದಿರಲಿಲ್ಲ. ಅಂದಿನಿಂದ ಮಹಾಂತೇಶ ಹೆಸರುಗಳ ವಿಷಯದಲ್ಲಿ ತಪ್ಪು ಮಾಡಿರಲಿಲ್ಲ. ಬೇರೆ ವಿಷಯಗಳಲ್ಲಿ ಅಷ್ಟು ಜಾಗ್ರತೆ ಅವನಿಗೆ ಬೇಕಾಗಿರಲಿಲ್ಲ.

ಯಂತ್ರ ಹಾಕುವ ದಿನ ನೀಲತ್ತಿಯ ಪಡಸಾಲೆ ತುಂಬಿಹೋಯಿತು. ಬಂದವರಿಗೆ ಉಪ್ಪಿಟ್ಟು, ಚಹಾ. ನೀಲತ್ತಿ ಗೋಡೆಗೆ ಒರಗಿ ಕುರ್ಚಿಯಲ್ಲಿ ಕುಳಿತು ಪರೀಕ್ಷೆಯ ಕೊಠಡಿಯನ್ನು ನೋಡುವಂತೆ ಎಲ್ಲರನ್ನೂ ನೋಡುತ್ತಿದ್ದಳು.

"ಕುಮುದಿನಿ ಒಬ್ಬಾಕಿ ಹೆಸರು ಹಾಕಿದ್ರ ಹೆಂಗ?" ಎಂದ ಮಹಾಂತೇಶ. "ನಾವೆಲ್ಲಾ ಸತ್ತೀವೇನು? ನಾಳೆ ಮಂದಿ ಏನಂದಾರು?"

"ಅಣ್ಣಾ, ಹೆಸರು ಹೆಚ್ಚಾದಷ್ಟೂ ನೋವು ತೆಳುವಾಗತೈತಿ. ಇದು ಲಗ್ನಪತ್ರಿಕಿ ಅಲ್ಲ."

"ತಂಗೀ, ಎರಡು ಅಕ್ಷರ ಕಲತೀದಿ, ಹೌದು. ಆದ್ರ ಬಳಗ ಅಂದ್ರೇನು ನಿನಗ ತಿಳಿಯಂಗಿಲ್ಲ. ಗದಗಿನ ಕಾಕಾನ ಹೆಸರು ಮೊದಲ ಬರಕೋರಿ," ಎಂದು ಕಂಪನಿಯವರ ಕಡೆ ತಿರುಗಿದ.

"ನಿನ್ನ ಹೆಸರು ಮೊದಲ ಇರಲಿ ಬಿಡೋ," ಎಂದರು ಗದಗಿನ ಕಾಕಾ. "ನೀ ಹಿರೇಮನಿತನದಾಂವ."

ಇಬ್ಬರೂ ಒಬ್ಬರನ್ನೊಬ್ಬರು ಸ್ವಲ್ಪ ಹೊತ್ತು ಒತ್ತಾಯ ಮಾಡಿದರು. ಕಡೆಗೆ ಮಹಾಂತೇಶ ಬಹಳ ಸಂಕೋಚದಿಂದ ತನ್ನ ಹೆಸರನ್ನೇ ಮೊದಲು ಬರೆಸಿದ. ಆಮೇಲೆ ಬೆಳಗಾವಿಯ ಮನೆ, ಬಾಗಲಕೋಟೆಯ ಅಳಿಯ, ಅವನ ತಮ್ಮ, ತಮ್ಮನ ಹೆಂಡತಿ. ಅವಳನ್ನು ಬಿಟ್ಟರೆ ಅವಳ ತೌರಿನವರು ಬೇಸರಿಸಿಕೊಂಡಾರು ಎಂದು ಅವಳ ಅಣ್ಣ. ಆ ಅಣ್ಣ ನೀಲತ್ತಿಯನ್ನು ಜನ್ಮದಲ್ಲಿ ನೋಡಿರಲಿಲ್ಲ. ಒಟ್ಟು ಇಪ್ಪತ್ತೆಂಟು ಹೆಸರಾದವು. ಕುಮುದಿನಿಯದು ಇಪ್ಪತ್ತೆಂಟನೆಯದು.

ಕಂಪನಿಯವರು ನೀಲತ್ತಿಯ ಮಣಿಕಟ್ಟಿಗೆ ಪಟ್ಟಿ ಕಟ್ಟಿದರು. ಅದರಲ್ಲಿ ಇಪ್ಪತ್ತೆಂಟು ಹಸಿರು ಚುಕ್ಕಿಗಳು ಸುತ್ತಲೂ ಬಳೆಯಂತೆ ಹೊತ್ತಿಕೊಂಡವು. ಕಣ್ಣಿಗೆ ಚೆಂದವಾಗಿತ್ತು. ಎಲ್ಲರೂ ಫೋಟೋ ತೆಗೆದುಕೊಂಡರು.

"ನೂರು ಭಾಗಿಸು ಇಪ್ಪತ್ತೆಂಟು," ಎಂದಳು ನೀಲತ್ತಿ. "ಯಾರರೆ ಹೇಳ್ರಿ."

ಎಲ್ಲರೂ ಇನ್ನೊಂದು ಫೋಟೋಕ್ಕೆ ಸರಿದು ನಿಂತರು.

"ಒಬ್ಬೊಬ್ಬರಿಗೆ ಮೂರೂವರಿ. ಪಾಸಾಗಾಕ ಮೂವತ್ತೈದು ಬೇಕೋ ಮಹಾಂತೇಶ. ಇಡೀ ಕ್ಲಾಸ್ ಫೇಲ್."

ಎಲ್ಲರೂ ನಕ್ಕರು. ನೀಲತ್ತಿ ಭಾಳ ಮಜಾ ಮಾತಾಡತಾಳ ಎಂದು ಹೊರಗೆ ಮೆಟ್ಟಿಲಿಳಿಯುವಾಗಲೂ ಹೇಳಿಕೊಂಡರು.

ಎಲ್ಲರೂ ಹೋದ ಮೇಲೆ ಕುಮುದಿನಿ ಕೇಳಿದಳು, "ಮಂಡಿ ಹೆಂಗೈತತ್ತಿ ಈಗ?"

"ಆರಾಮ."

ಕುಮುದಿನಿಯ ಮಂಡಿಯ ಮೇಲೆ ಒಂದು ಇರುವೆ ಹರಿದು ಹೋದಂತಾಯಿತು.

ಮಳೆಗಾಲ, ಚಳಿಗಾಲ ಕಳೆದವು. ಬಳಗದವರಿಗೆ ಯಂತ್ರ ಒಗ್ಗಿಹೋಯಿತು. ಹೆಂಗಸರು ಸೀರೆಗೆ ಹೊಂದುವ ಬಣ್ಣದ ಪಟ್ಟಿ ತರಿಸಿಕೊಂಡರು. ಗಂಡಸರು ತೋಳು ಮಡಿಸಿ ಪಟ್ಟಿ ಕಾಣುವಂತೆ ಓಡಾಡಿದರು. ಯಾರಾದರೂ ಕೇಳಿದರೆ, "ನಮ್ಮ ಅತ್ತೀದು, ಆಕಿ ನೋವು ನಮ್ಮ ನೋವಲ್ಲೇನ್ರಿ," ಎನ್ನುತ್ತಿದ್ದರು. ನೀಲತ್ತಿಯ ಮನೆಗೆ ಹೋಗಿಬರುವುದು ಕಡಿಮೆಯಾಯಿತು. ಹೋಗುವ ಕಾರಣವೇ ಇರಲಿಲ್ಲ. ಎಲ್ಲರ ಪಟ್ಟಿಯ ಚುಕ್ಕಿಗಳೂ ಸದಾ ಹಸಿರಾಗಿರುತ್ತಿದ್ದವು, ಹಸಿರು ಎಂದರೆ ಸುಖವಾಗಿದ್ದಾಳೆ ಎಂದು ಅವರು ತಿಳಿದುಕೊಂಡಿದ್ದರು. ಹಸಿರು ಎಂದರೆ ಆ ಕ್ಷಣ ಅವಳಿಗೆ ನೋಯುತ್ತಿದೆ ಎಂದು ಕುಮುದಿನಿ ಎಷ್ಟು ಸಲ ಹೇಳಿದರೂ, ಅಷ್ಟು ಒಳ್ಳೆಯ ಬಣ್ಣಕ್ಕೆ ಅಂಥ ಅರ್ಥವಿರುತ್ತದೆಂದು ಯಾರೂ ನಂಬಲಿಲ್ಲ.

ಚೈತ್ರದಲ್ಲಿ ಮಹಾಂತೇಶನ ಮಗಳ ಲಗ್ನ ಗೊತ್ತಾಯಿತು. ಪತ್ರಿಕೆ ಕೊಡಲು ಅವನೇ ಬಂದ. ನೀಲತ್ತಿ ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದಳು. ಸುಖಾಗಮನ ಬಯಸುವವರ ಸಾಲಿನಲ್ಲಿ ಇಪ್ಪತ್ತೆಂಟು ಜನರೂ ಇದ್ದರು. ಅವಳ ಹೆಸರು ಇರಲಿಲ್ಲ.

"ಮಹಾಂತೇಶ, ನಾ ಇದರಾಗ ಎಲ್ಲೆ ಅದೀನೋ?"

ಮಹಾಂತೇಶ ಪತ್ರಿಕೆಯನ್ನು ತಿರುಗಿಸಿ ಬೆನ್ನನ್ನೂ ನೋಡಿದ. "ಅಯ್ಯ, ನಿನ್ನ ಹೆಸರು ಹಿರೇರು ಅಂತ ಮ್ಯಾಲೆ ಬ್ಯಾರೆ ಹಾಕಬೇಕಂತಿದ್ದಿಲ್ಲೇನು. ಪ್ರೆಸ್ಸಿನಾಂವ ಬಿಟ್ಟಾನ, ನೋಡವಾ."

"ಇರಲಿ ಬಿಡು. ಹೆಸರಿಲ್ಲದ ಲಗ್ನಕ್ಕ ಹೋಗಬಾರದು ಅನ್ನೂದು ನೀವ ಹಾಕಿದ ರೂಢಿ. ನಾ ಮುರಿಯೂದಿಲ್ಲ. ಅವತ್ತ ಬಿಸಲು ಚೊಲೊ ಇರತೈತಿ, ಸಂಡಿಗಿ ಹಾಕತೀನಿ."

ಲಗ್ನದ ದಿನ ಬೆಳಿಗ್ಗೆ ಕುಮುದಿನಿ ಬಂದು, ನೀಲತ್ತಿಯನ್ನು ಕೈಹಿಡಿದು ಮೇಲಿನ ಬಯಲು ಮಾಳಿಗೆಗೆ ಹತ್ತಿಸಿ, ಹಳೆಯ ಧೋತರ ಹಾಸಿ, ಸಾಬುದಾಣಿ ಸಂಡಿಗೆ ಹಾಕಲು ನೆರವಾಗಿ, ಮತ್ತೆ ಕೆಳಗಿಳಿಸಿದಳು. ತಾನೂ ಉಳಿಯುತ್ತೇನೆ ಎಂದಳು.

"ಹೋಗ. ನಿನ್ನ ಹೆಸರೈತಿ ಅದರಾಗ," ಎಂದಳು ನೀಲತ್ತಿ.

"ಮಾಳಿಗಿ ಹತ್ತಬ್ಯಾಡ ಮತ್ತ. ನಾ ಬಂದು ತಗೀತೀನಿ."

"ಹತ್ತಂಗಿಲ್ಲ."

ಈ ಮಾತಿನ ಬೆಲೆ "ಆರಾಮ" ಎಂಬ ಮಾತಿನ ಬೆಲೆಯಷ್ಟೇ ಎಂದು ಕುಮುದಿನಿಗೆ ಗೊತ್ತಿತ್ತು. ಕೆಳಗಿನ ಮನೆಯ ಬಾಡಿಗೆಯವರು ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಹಗಲು ಬೀಗ. ಆಟೋದಲ್ಲಿ ಕುಳಿತ ಮೇಲೂ ಅವಳು ಹಿಂದಿರುಗಿ ಮಾಳಿಗೆಯ ಕಡೆ ನೋಡಿದಳು.

ಕಲ್ಯಾಣಮಂಟಪ ಉಣಕಲ್ಲ ಕೆರೆಯ ಆಚೆಗಿತ್ತು. ಸನಾದಿ, ಸೆಕೆ, ಸೆಂಟಿನ ವಾಸನೆ. ಮುಹೂರ್ತದ ಹೊತ್ತಿಗೆ ಎಲ್ಲರ ಕೈಯಲ್ಲೂ ಅಕ್ಷತೆ. ಕುಮುದಿನಿ ಕಂಬದ ಪಕ್ಕ ನಿಂತಿದ್ದಳು. ಅವಳ ಬಲ ಟೊಂಕದ ಮೇಲೆ ಇರುವೆ ಹರಿದಂತಾಯಿತು. ಮಂಡಿಯ ಇರುವೆ ಅವಳಿಗೆ ದಿನದ ಪರಿಚಯ. ಟೊಂಕದ್ದು ಹೊಸದು.

ಅವಳು ತಲೆಯೆತ್ತಿ ನೋಡಿದಳು. ವೇದಿಕೆಯ ಮೇಲೆ ಮಹಾಂತೇಶ ಎಡಗೈಯಿಂದ ಅಕ್ಷತೆ ಹಾಕುತ್ತ ಬಲಗೈಯಿಂದ ಟೊಂಕ ಕೆರೆದುಕೊಳ್ಳುತ್ತಿದ್ದ. ಅವನ ಹಿಂದೆ ಗದಗಿನ ಕಾಕಾ ಕೆರೆದುಕೊಳ್ಳುತ್ತಿದ್ದರು. ಬೆಳಗಾವಿಯ ವೈನಿ ಜರಿ ಸೆರಗಿನ ಕೆಳಗೆ ಕೈ ಹಾಕಿ ಕೆರೆದುಕೊಂಡಳು. ಬಾಗಲಕೋಟೆಯ ಅಳಿಯ, ಅವನ ತಮ್ಮ, ತಮ್ಮನ ಹೆಂಡತಿ, ಅವಳ ಅಣ್ಣ. ಇಡೀ ಮಂಟಪದಲ್ಲಿ ಪಟ್ಟಿ ಕಟ್ಟಿದ ಇಪ್ಪತ್ತೇಳು ಜನ ಬಲ ಟೊಂಕ ಕೆರೆದುಕೊಳ್ಳುತ್ತ, ವಧೂವರರು ಸುಖವಾಗಿ ಬಾಳಲಿ ಎಂದು ಅಕ್ಕಿಕಾಳು ತೂರುತ್ತಿದ್ದರು. ಒಬ್ಬರೂ ಒಬ್ಬರನ್ನೂ ನೋಡಲಿಲ್ಲ. ವಿಡಿಯೋದವನು ಮಾತ್ರ ಎಲ್ಲರನ್ನೂ ಹಿಡಿದುಕೊಂಡ.

ಕುಮುದಿನಿ ಜನರನ್ನು ಸರಿಸಿಕೊಂಡು ವೇದಿಕೆಯ ಹತ್ತಿರ ಹೋದಳು. "ಅಣ್ಣಾ, ಟೊಂಕ ಕೆರಿಯಾಕತ್ತೈತಲ್ಲ ನಿನಗ?"

"ರೇಷ್ಮಿ ಧೋತರವ್ವ, ಸೆಕಿ."

"ನೀಲತ್ತಿ ಬಿದ್ದಾಳ. ಕಾರು ಕೊಡು."

ಮಹಾಂತೇಶ ತೋಳು ಎತ್ತಿ ತನ್ನ ಪಟ್ಟಿ ತೋರಿಸಿದ. "ನೋಡಿಲ್ಲೆ, ಹಸಿರೈತಿ. ಆರಾಮ ಅದಾಳ. ಮುಹೂರ್ತದಾಗ ಅಪಶಕುನ ಮಾತಾಡಬ್ಯಾಡ. ಊಟ ಮಾಡ ಹೋಗು, ಮೊದಲನೇ ಪಂಕ್ತಿ ಈಗ ಕೂಡತೈತಿ."

ಅವಳು ಹೊರಗೆ ಓಡಿ ಆಟೋ ಹಿಡಿದಳು. ಹತ್ತುತ್ತಲೇ ಕಂಪನಿಗೆ ಫೋನ್ ಮಾಡಿದಳು. ಫಲಕದ ಮುಂದೆ ಅವಳ ಸಹೋದ್ಯೋಗಿ ರಜಿಯಾ ಇದ್ದಳು.

"ನಮ್ಮತ್ತೀದು ಸಾಲು ನೋಡು, ರಜಿಯಾ."

"ಇಪ್ಪತ್ತೆಂಟೂ ಹಸಿರ ಅದಾವ್ರೀ ಅಕ್ಕಾ. ಎಲ್ಲಾರಿಗೂ ಮುಟ್ಟೈತಿ."

"ಹಂಚೂಕಿಂತ ಮೊದಲ ಎಷ್ಟಿತ್ತು, ಅದನ್ನ ನೋಡು."

ಅದನ್ನು ಫಲಕ ತಾನಾಗಿ ತೋರಿಸುತ್ತಿರಲಿಲ್ಲ. ರಜಿಯಾ ಹುಡುಕಿದಳು. ಆಮೇಲೆ ಅವಳ ದನಿ ಇಳಿಯಿತು. "ತೊಂಬತ್ತೈತ್ರಿ."

"ಆಂಬ್ಯುಲೆನ್ಸ್ ಕಳಸು."

"ನಮ್ಮ ಕೈಯಾಗೆಲ್ಲೈತ್ರಿ? ಯಾರದಾರ ಪಾಲು ಐವತ್ತು ದಾಟಬೇಕು, ನಿಮಗ ಗೊತ್ತಿಲ್ಲೇನು?"

"ಹಂಗಾರ ಇಪ್ಪತ್ತೇಳು ಹೆಸರೂ ತಗಿ. ಎಲ್ಲಾ ನನ್ನ ಮ್ಯಾಲೆ ಹಾಕು."

"ಒಬ್ಬೊಬ್ಬರದೂ ಒಪ್ಪಿಗಿ ಬೇಕ್ರಿ ಅಕ್ಕಾ."

"ಕೇಳಾಕ ಹ್ವಾದ್ರ ಊಟಕ್ಕ ಕುಂತಿರತಾರ. ನನ್ನ ಗುಪ್ತಸಂಖ್ಯೆ ಹಾಕಿ ತಗಿ. ನೀ ಮುಟ್ಟಿಲ್ಲ, ನಾನ ತಗದೀನಿ."

ಒಂದೊಂದು ಹೆಸರು ಹೋದಂತೆ ಇರುವೆ ಚೇಳಾಯಿತು, ಚೇಳು ಕಾದ ಕಬ್ಬಿಣವಾಯಿತು. ಕಡೆಯ ಹೆಸರು ಹೋದಾಗ ಕುಮುದಿನಿ ಸೀಟಿನ ಮೇಲೆ ಕೂರಲಾರದೆ ಎದುರಿನ ಸರಳಿಗೆ ಜೋತುಬಿದ್ದಳು. ಟೊಂಕದ ಮೂಳೆಯನ್ನು ಯಾರೋ ತಿರುವುತ್ತಿದ್ದರು. ಇಷ್ಟನ್ನು ಇಟ್ಟುಕೊಂಡು ನೀಲತ್ತಿ ಒಬ್ಬಳೇ ಬಿಸಿಲಲ್ಲಿ ಬಿದ್ದಿದ್ದಳು, ಆಗ ಇವರು ಕೆರೆದುಕೊಳ್ಳುತ್ತಿದ್ದರು.

"ಆಂಬ್ಯುಲೆನ್ಸ್ ಹೊಂಟತ್ರಿ," ಎಂದಳು ರಜಿಯಾ ಫೋನಿನಲ್ಲಿ.

"ಮಾಳಿಗಿ ಮ್ಯಾಲೆ ಅಂತ ಹೇಳು."

ಆಟೋದವನು ಕನ್ನಡಿಯಲ್ಲಿ ನೋಡಿ ಗಾಬರಿಯಾದ. "ಅಕ್ಕಾರ, ದವಾಖಾನಿಗೆ ಹೊಡೀಲೇನ್ರಿ?"

"ಬ್ಯಾಡ. ನೋಯೂದು ನನಗಲ್ಲ. ನಡಿ."

ನೋವು ಇದೆ ಎಂದರೆ ನೀಲತ್ತಿ ಇದ್ದಾಳೆ. ಕುಮುದಿನಿ ಅದೊಂದನ್ನೇ ಹಿಡಿದುಕೊಂಡಳು. ಪ್ರತಿ ತಗ್ಗಿನಲ್ಲೂ ಹಲ್ಲು ಕಚ್ಚಿ, ಇರಲಿ, ಇನ್ನೂ ಇರಲಿ ಎಂದುಕೊಂಡಳು. ಅರ್ಧ ದಾರಿಯಲ್ಲಿ ಅದು ನಿಂತುಹೋಯಿತು. ಕಡಿಮೆಯಾಗಲಿಲ್ಲ, ದೀಪ ಆರಿಸಿದಂತೆ ನಿಂತಿತು. ಮೈ ಹಗುರಾಯಿತು. ಜೀವಮಾನದಲ್ಲಿ ಅಷ್ಟು ಅಸಹ್ಯವಾದ ಹಗುರವನ್ನು ಅವಳು ಅನುಭವಿಸಿರಲಿಲ್ಲ. ಫೋನಿನಲ್ಲಿ ರಜಿಯಾ ಏನೋ ಹೇಳುತ್ತಿದ್ದಳು. ಚುಕ್ಕಿ ಕಪ್ಪಾಗಿದೆ ಎನ್ನುತ್ತಿದ್ದಳು.

ದೇಶಪಾಂಡೆ ನಗರದ ಮನೆಯ ಮೆಟ್ಟಿಲುಗಳನ್ನು ಅವಳು ಹೇಗೆ ಹತ್ತಿದಳೋ ತಿಳಿಯದು. ಮಾಳಿಗೆಯ ಬಾಗಿಲು ತೆರೆದಿತ್ತು. ಧೋತರದ ಒಂದು ಅಂಚು ಮಡಿಚಿಕೊಂಡಿತ್ತು, ಅಲ್ಲಿಂದ ನೀರಿನ ಟಾಕಿಯವರೆಗೆ ಸಂಡಿಗೆಗಳು ಉಜ್ಜಿಹೋಗಿ ಬಿಳಿಯ ಗೆರೆಯಾಗಿತ್ತು. ಟಾಕಿಯ ನೆರಳು ಒಂದು ಮೊಳದಷ್ಟಿತ್ತು. ಆ ಒಂದು ಮೊಳದಲ್ಲಿ ನೀಲತ್ತಿ ಮುಖವನ್ನಷ್ಟೇ ತೂರಿಸಿ ಮಲಗಿದ್ದಳು.

"ಸಂಡಿಗಿ ತುಳೀಬ್ಯಾಡ," ಎಂದಳು ನೀಲತ್ತಿ.

ಕುಮುದಿನಿ ಅವಳ ಪಕ್ಕ ಮಂಡಿಯೂರಿದಳು. ಕೈಯಿಂದ ಅವಳ ಕೆನ್ನೆ ಮುಟ್ಟಿದಳು, ಕೆನ್ನೆ ಕಾದಿತ್ತು. ಸೆರಗನ್ನು ಟಾಕಿಯ ನಲ್ಲಿಗೆ ಹಿಡಿದು ತೊಯಿಸಿ ತುಟಿಗೆ ಹಿಂಡಿದಳು. ಆಗ ಮಣಿಕಟ್ಟು ಬರಿದಾಗಿದ್ದದ್ದು ಕಂಡಿತು. ಪಟ್ಟಿ ದೂರದಲ್ಲಿ ಸಂಡಿಗೆಗಳ ನಡುವೆ ಬಿದ್ದಿತ್ತು.

"ಅತ್ತೀ, ಇದನ್ನ ಯಾಕ ತಗದಿ? ನೀ ಸತ್ತಿ ಅಂತ ತಿಳದೆ."

"ಕೂಗಿ ಕೂಗಿ ಸಾಕಾತು. ಕೈ ನೋಡಿಕೊಂಡೆ, ಇಪ್ಪತ್ತೆಂಟು ದೀಪ ಉರಿಯಾಕತ್ತಿದ್ದುವು. ಉರೀಲಿ ಅಂತ ಬಿಟ್ಟೆ. ಅವರಿಗೆ ಏನೂ ಆಗೂದಿಲ್ಲಂತ ಗೊತ್ತಿತ್ತು." ಅವಳು ಉಸಿರು ತೆಗೆದುಕೊಂಡಳು. "ಆಮ್ಯಾಲೆ ಒಂದೊಂದ ಆರಿಕೋತ ಬಂದುವು. ಒಂದ ಉಳೀತು. ಕಡೀದು. ಅದು ಯಾರದಂತ ನನಗ ಲೆಕ್ಕ ಬರತೈತಿ."

"ಅದಕ್ಕ ತಗದ್ಯಾ?"

"ಮತ್ತೇನು? ಇಷ್ಟೂ ನಿನ್ನ ಮ್ಯಾಲೆ ಹಾಕಲೇನು, ಹುಚ್ಚಿ."

ಕೆಳಗೆ ಆಂಬ್ಯುಲೆನ್ಸಿನ ಸದ್ದು ಕೇಳಿಸಿತು.

ಟೊಂಕದ ಮೂಳೆಗೆ ಶಸ್ತ್ರಕ್ರಿಯೆಯಾಯಿತು. ಒಪ್ಪಿಗೆಯಿಲ್ಲದೆ ಇಪ್ಪತ್ತೇಳು ಗ್ರಾಹಕರ ಹೆಸರು ತೆಗೆದುಹಾಕಿದ್ದಕ್ಕೆ ಕುಮುದಿನಿಯ ಕೆಲಸ ಹೋಯಿತು. ರಜಿಯಾಳ ಹೆಸರನ್ನು ಅವಳು ಹೇಳಲಿಲ್ಲ. ಅಂದಿನ ಕರೆ ಎಲ್ಲರಿಗೂ ಸರಿಯಾಗಿ ತಲುಪಿತ್ತು, ಯಂತ್ರದಲ್ಲಿ ದೋಷವಿಲ್ಲ ಎಂದು ವಾದಿರಾಜರು ಪತ್ರಿಕೆಗಳಿಗೆ ತಿಳಿಸಿದರು. ಅದು ನಿಜವೇ ಆಗಿತ್ತು.

ಬಳಗದವರು ಬಿಸ್ಕೀಟು, ಮೋಸಂಬಿ ಹಿಡಿದು ದವಾಖಾನೆಗೆ ಬಂದರು. ತನಗೆ ಅವತ್ತೇ ಸಂಶಯ ಬಂದಿತ್ತೆಂದು ಒಬ್ಬೊಬ್ಬರೂ ಹೇಳಿದರು. ಆದರೆ ಅವರು ಕೂರದೆ ನಿಂತೇ ಇದ್ದರು, ಮುಖ ಗಂಟಿಕ್ಕಿಕೊಂಡಿತ್ತು. ಕಡೆಗೆ ಮಹಾಂತೇಶ ಕುರ್ಚಿ ಎಳೆದುಕೊಂಡು ಗಂಟಲು ಸರಿಮಾಡಿಕೊಂಡ.

"ಆದದ್ದಾತು. ಆದ್ರ ಕುಮುದಿನಿ ಮಾಡಿದ್ದು ಸರಿ ಅಲ್ಲ. ಎಲ್ಲಾರ ಹೆಸರು ಹೊಡದು ಹಾಕಿ ತನ್ನದೊಂದ ಇಟಗೊಂಡಾಳ. ಗದಗಿನವರು ಭಾಳ ಮನಸಿಗೆ ಹಚಿಗೊಂಡಾರ. ಬೆಳಗಾವಿಯವರು ಫೋನ್ ಎತ್ತವಲ್ಲರು. ಎಲ್ಲಾ ಮತ್ತ ಮೊದಲಿನಂಗ ಹಾಕಸೋಣು."

ಕುಮುದಿನಿ ಉತ್ತರ ಕೊಡಲು ಬಾಯಿ ತೆರೆದಳು. ನೀಲತ್ತಿ ಕೈಯೆತ್ತಿ ತಡೆದಳು.

"ಮಹಾಂತೇಶ ಅನ್ನೂದು ಖರೆ. ಇವಂದು ಮೊದಲನೇ ಹೆಸರು, ಅದನ್ನ ತಗೀಬಾರದಿತ್ತು," ಎಂದಳು. "ಕುಮುದಿನಿ, ಆ ಪಟ್ಟಿ ನನ್ನ ಕೈಗೆ ಕಟ್ಟು. ಕಂಪನಿಗೆ ಫೋನ್ ಹಚ್ಚು. ಇವನ ಹೆಸರಿಗೆ ಪೂರ್ತಿ ನೂರು ಬರಕೋ ಅನ್ನು. ಡಾಕ್ಟರು ಈಗ ನನ್ನ ಎಬ್ಬಿಸಿ ನಡಸಾಕ ಬರತಾರ. ಕೂಡ ನಡೀಲಿ."

ಮಹಾಂತೇಶ ತನ್ನ ಮಣಿಕಟ್ಟಿನ ಪಟ್ಟಿಯನ್ನು ನೋಡಿದ. ಕುಮುದಿನಿ ಫೋನ್ ಕೈಗೆತ್ತಿಕೊಂಡಳು. ಅವನ ಬೆರಳು ಪಟ್ಟಿಯ ಕೊಂಡಿಯ ಕಡೆ ಹೋಯಿತು, ಅದನ್ನು ಬಿಚ್ಚಿತು, ಪಟ್ಟಿಯನ್ನು ಜೇಬಿನೊಳಗೆ ಇಳಿಸಿತು. ಇಷ್ಟೂ ನಡೆಯುವಾಗ ಅವನ ಮುಖ ಮಾತ್ರ ಎಲ್ಲಿಯೋ ದೂರದ ಕೆಲಸ ನೆನಪಾದವರಂತೆ ಇತ್ತು.

"ಈಗ ಯಾಕ ಗಡಿಬಿಡಿ. ಬೀಗರು ಬರೋರದಾರ, ಆಮ್ಯಾಲೆ ಕುಂತು ಮಾತಾಡೋಣು," ಎಂದು ಎದ್ದ. ಉಳಿದವರು ಅವನ ಹಿಂದೆ ಹೊರಟರು. ಬಾಗಿಲಲ್ಲಿ ಸ್ವಲ್ಪ ನೂಕಾಟವಾಯಿತು.

ಮೋಸಂಬಿಯ ಚೀಲಗಳ ನಡುವೆ ಇಬ್ಬರೇ ಉಳಿದರು. ಕುಮುದಿನಿ ದಿಂಬು ಸರಿಮಾಡಿದಳು. ಪಟ್ಟಿಯನ್ನು ಕಟ್ಟಲಿಲ್ಲ, ಮೇಜಿನ ಖಾನೆಗೆ ಹಾಕಿ ಮುಚ್ಚಿದಳು. ತನ್ನ ಕುತ್ತಿಗೆಯ ಬಿಲ್ಲೆಯನ್ನೂ ಉಗುರಿನಿಂದ ಕಿತ್ತು ಅದರ ಜೊತೆಗೆ ಹಾಕಿದಳು. ಈಗ ಅವಳಿಗೆ ಏನೂ ಗೊತ್ತಾಗುವಂತಿರಲಿಲ್ಲ. ಕೇಳಿಯೇ ತಿಳಿಯಬೇಕು.

"ಹೆಂಗೈತತ್ತಿ?"

"ಆರಾ..." ಎಂದಳು ನೀಲತ್ತಿ. ಆಮೇಲೆ ಅಣ್ಣನ ಮಗಳ ಮುಖವನ್ನು ಬಹಳ ಹೊತ್ತು ನೋಡಿದಳು, ಉತ್ತರಪತ್ರಿಕೆಯಲ್ಲಿ ಒಂದು ಅಂಕ ಕೊಡಲೋ ಬೇಡವೋ ಎನ್ನುವಂತೆ.

"ನೋಯಾಕತ್ತೈತವಾ," ಎಂದಳು. "ಭಾಳ ನೋಯಾಕತ್ತೈತಿ."